ಶಿವಾರಪಟ್ಟಣದ ಗಂಡು ಮರ

ಆಶಾರಾಣಿಯ ಬಳಿ ಗಂಡು ಮರ ಇರಲಿಲ್ಲ.

ಹೆಣ್ಣು ಮರಗಳಿಗೆ ಕೊರತೆಯಿರಲಿಲ್ಲ. ಮಾಲೂರಿನ ಹೊರಗೆ, ಅವಳು ಕೆಲಸ ಮಾಡುವ ಚನ್ನರಾಯಪ್ಪನವರ ನರ್ಸರಿಯ ಹಿಂಭಾಗದಲ್ಲಿ ಪಿಗ್ಮಿ ಪಾಮ್‌ಗಳ ಒಂದು ಸಾಲೇ ಇತ್ತು. ಆಳೆತ್ತರದ ಗಿಡ, ತೆಳ್ಳಗೆ ಬಗ್ಗಿದ ಗರಿ. ಹೋಟೆಲಿನ ಬಾಗಿಲಲ್ಲಿಟ್ಟರೆ ಬಾಗಿಲಿಗೇ ಒಂದು ಗತ್ತು ಬರುತ್ತದೆ. ಆದರೆ ಚಳಿ ತಡೆಯುವುದಿಲ್ಲ. ಹಿಂದಿನ ವರ್ಷ ಡೆಹ್ರಾಡೂನ್ ಕಡೆಯ ಒಂದು ಹೋಟೆಲಿಗೆ ಕಳಿಸಿದ್ದ ಲಾರಿ ಲೋಡು ಗಿಡಗಳು, ಇಬ್ಬನಿ ಹೆಪ್ಪುಗಟ್ಟಿದ ವಾರದಲ್ಲೇ ಬೆಂದ ಸೊಪ್ಪಿನಂತಾಗಿ ಸತ್ತಿದ್ದವು.

ಕ್ಯಾನರಿ ಪಾಮ್ ಅದರ ದಾಯಾದಿ. ಎರಡೂ ನಮ್ಮ ಕೆರೆ ಏರಿಯ ಈಚಲಿನ ಕುಲವೇ. ಕ್ಯಾನರಿ ಹಿಮಕ್ಕೂ ಜಗ್ಗುವುದಿಲ್ಲ, ಆದರೆ ಆನೆ ಗಾತ್ರ. ಯಾರ ಹೋಟೆಲಿನ ಬಾಗಿಲಿಗೂ ಹಿಡಿಸದು. ಈ ಕುಲದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ದೊಡ್ಡದರ ಗಂಡು ಹೂವಿನ ಪರಾಗವನ್ನು ಚಿಕ್ಕದರ ಹೆಣ್ಣು ಹೂವಿಗೆ ಮುಟ್ಟಿಸಿದರೆ, ತಾಯಿಯ ಚೆಲುವೂ ತಂದೆಯ ಗಟ್ಟಿತನವೂ ಇರುವ ಸಸಿ ಹುಟ್ಟಬಹುದು. ಹುಟ್ಟದೆಯೂ ಇರಬಹುದು.

ತೋಟಗಾರಿಕೆ ಓದಿದ ಆಶಾರಾಣಿಯನ್ನು ಚನ್ನರಾಯಪ್ಪ ಇಟ್ಟುಕೊಂಡದ್ದೇ ಇದಕ್ಕೆ. ಆಗದಿದ್ದರೆ ಆ ಸಾಲು ಕಿತ್ತು ಗುಲಾಬಿ ಹಾಕುವುದಾಗಿಯೂ, ಗುಲಾಬಿಗೆ ಡಿಗ್ರಿ ಓದಿದವರು ಬೇಕಿಲ್ಲವೆಂದೂ ಅವರು ಮೊದಲ ದಿನವೇ ಹೇಳಿದ್ದರು. ಕೆಲಸ ಹೋದರೆ ಅವಳು ಕ್ಯಾಲನೂರಿನ ಮನೆಗೆ ಹೋಗಬೇಕು. ಅಲ್ಲಿ ಅರುಣ್‌ಕುಮಾರ್ ಎಂಬ ಸರ್ವೆ ಇಲಾಖೆಯ ಸಂಬಂಧಿಕನ ಜಾತಕ ಆಗಲೇ ದೇವರ ಗೂಡಿನಲ್ಲಿ ಕೂತಿತ್ತು.

"ಮರಕ್ಕೆ ಗಂಡು ಹುಡುಕ್ಕೊಂಡು ಊರೂರು ಸುತ್ತು," ಎನ್ನುತ್ತಿದ್ದಳು ತಾಯಿ ಅಕ್ಕಯಮ್ಮ. "ನಿನಗೆ ಗಂಡು ನಾವ್ ಹುಡುಕಿದ್ರೆ ಮಾತ್ರ ಮೂತಿ ತಿರುಗ್ಸು."

ನರ್ಸರಿಯಲ್ಲಿದ್ದ ಕ್ಯಾನರಿಗಳು ಇನ್ನೂ ಹೂ ಬಿಡದ ಮರಿಗಳು. ಬೆಂಗಳೂರಿನಲ್ಲಿ ಅವಳಿಗೆ ಸಿಕ್ಕ ದೊಡ್ಡ ಮರಗಳೆರಡೂ ಹೆಣ್ಣಾಗಿದ್ದವು.

ಫೆಬ್ರವರಿಯ ಒಂದು ಮಧ್ಯಾಹ್ನ ಟೇಕಲ್‌ನಲ್ಲಿ ಗುಲಾಬಿ ಸಸಿ ತಲುಪಿಸಿ, ಸ್ಕೂಟಿಯಲ್ಲಿ ಶಿವಾರಪಟ್ಟಣದ ಮೇಲೆ ವಾಪಸಾಗುತ್ತಿದ್ದಳು. ಒಂದು ಕೆತ್ತನೆ ಅಂಗಳದ ಗೋಡೆಯ ಮೇಲಿಂದ ಆ ಗರಿಗಳು ಕಂಡವು. ಉದ್ದ, ದಟ್ಟ, ಕಾರಂಜಿ ಚಿಮ್ಮಿದ ಹಾಗೆ. ಅವಳು ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆಯುವುದನ್ನೂ ಮರೆತು ಒಳಗೆ ನಡೆದಳು.

ಅರ್ಧ ಕೆತ್ತಿದ ಗಣಪತಿಯೊಂದರ ಹಿಂದಿನಿಂದ ಒಬ್ಬ ಎದ್ದು ನಿಂತ. ರೆಪ್ಪೆ, ಮೀಸೆ, ಮುಂಗೈ ಎಲ್ಲದರ ಮೇಲೂ ಕಲ್ಲಿನ ಬಿಳಿ ಪುಡಿ. ಕಣ್ಣು ಮಾತ್ರ ತೊಳೆದಿಟ್ಟಂತೆ ಕಪ್ಪು.

"ಯಾವ ದೇವರು ಮೇಡಂ?"

"ದೇವರಲ್ಲ. ಮರ."

"ಮರದ್ದು ನಾವು ಮಾಡಲ್ಲ. ಕಲ್ಲಲ್ಲಿ ಯಾವ್ದಾದ್ರೂ ಹೇಳಿ, ಮಾಡ್ಕೊಡೋಣ."

"ಅಯ್ಯೋ, ವಿಗ್ರಹ ಅಲ್ಲ ರೀ. ಅಲ್ಲಿ ನಿಂತಿದೆಯಲ್ಲ, ಆ ಮರ. ಅದು ಗಂಡಾ, ಹೆಣ್ಣಾ?"

ಅವನು ಮರದ ಕಡೆ ನೋಡಿದ. ಆಮೇಲೆ ಹೆಲ್ಮೆಟ್ಟಿನೊಳಗಿನ ಮುಖ ನೋಡಿದ. ನಗು ತಡೆಯಲು ಕೆಳದುಟಿ ಕಚ್ಚಿಕೊಂಡದ್ದು ಅವಳಿಗೆ ಕಂಡಿತು.

"ಹುಟ್ಟಿದಾಗಿಂದ ಜೊತೆಗಿದ್ದೀವಿ ಮೇಡಂ. ಕೇಳಿರಲಿಲ್ಲ ನಾನು."

"ಹೂ ಬಿಟ್ಟಾಗ ನೋಡಿಲ್ವಾ?"

"ಹೂ ಬಿಡೋಕೆ ನಮ್ಮಮ್ಮ ಬಿಟ್ರೆ ತಾನೇ?"

ಅವನ ಹೆಸರು ಕದಿರೇಶ್. ಅಪ್ಪ ಮುನಿರಾಮಪ್ಪನ ಜೊತೆ ಕೆತ್ತನೆ ಮಾಡುತ್ತಿದ್ದ. ಹಿಂದೆ ಯಾರೋ ತೋಟದವರು ಕಲ್ಲಿನ ಸಿಂಹ ಮಾಡಿಸಿಕೊಂಡು ಹೋಗುವಾಗ ಗಾಡಿಯಲ್ಲಿ ಜಾಗವಿಲ್ಲವೆಂದು ಬಿಟ್ಟುಹೋದ ಗಿಡವಂತೆ ಅದು. ಮರವಾಗಿ ಹೊಂಬಾಳೆ ಬಿಡಲು ಶುರುವಾದ ಮೇಲೆ ಅವನ ತಾಯಿ ಶಾಮಲಮ್ಮ ಅದಕ್ಕೊಂದು ಕೆಲಸ ಕೊಟ್ಟಿದ್ದಳು. ಸಿದ್ಧವಾದ ವಿಗ್ರಹ ಲಾರಿ ಹತ್ತುವ ಮುಂಚೆ ಅಂಗಳದಲ್ಲೊಂದು ಪೂಜೆ. ಆ ಪೂಜೆಗೆ ಬಿರಿಯದ ಹೊಂಬಾಳೆಯನ್ನು ಕಡಿದು, ಸೀಳಿ, ದೇವರ ಮುಂದಿಡಬೇಕು. ಅಡಿಕೆಯದೇ ಆಗಬೇಕೆಂದು ದೇವರು ಯಾವತ್ತೂ ಹಟ ಮಾಡಿರಲಿಲ್ಲ. ಹೀಗಾಗಿ ಆ ಮರದ ಹೂ ಬಿರಿದದ್ದನ್ನು ಶಿವಾರಪಟ್ಟಣದಲ್ಲಿ ಯಾರೂ ನೋಡಿರಲಿಲ್ಲ.

ಬೆಳಿಗ್ಗೆ ತಾನೇ ಒಂದು ಕಡಿದಿದ್ದರು. ಆಶಾರಾಣಿ ಅದರಿಂದ ಒಂದು ಮೊಗ್ಗು ಕಿತ್ತು, ಉಗುರಿನಲ್ಲಿ ಬಿಡಿಸಿ, ಬೆಳಕಿಗೆ ಹಿಡಿದಳು.

"ಗಂಡು!"

"ಹೆರಿಗೆ ವಾರ್ಡಿಂದ ನರ್ಸ್ ಬಂದು ಹೇಳ್ದಂಗೆ ಹೇಳಿದ್ರಲ್ಲ ಮೇಡಂ," ಎಂದ ಕದಿರೇಶ್. "ಸ್ವೀಟ್ ಹಂಚ್ಬೇಕಾ?"

ಶಾಮಲಮ್ಮನಿಗೆ ಇದು ನಗುವ ವಿಷಯವಾಗಿರಲಿಲ್ಲ. "ಏಮಮ್ಮಾ, ಹೊಂಬಾಳೆ ನಿನಗೆ ಕೊಟ್ಬಿಟ್ಟು ದೇವರನ್ನ ಬರೀ ಕೈಲಿ ಲಾರಿ ಹತ್ತಿಸ್ಲಾ? ಮಡಿಲು ತುಂಬ್ದೆ ಮಗಳನ್ನ ಕಳ್ಸ್‌ದಂಗೆ ಅದು."

"ಒಂದು ಸಾಕಮ್ಮಾ. ಒಂದೇ ಒಂದು ಬಿಡಿ."

ಶಾಮಲಮ್ಮ ಅವಳ ಬೆವರಿದ ಮುಖವನ್ನೂ ಧೂಳು ಹಿಡಿದ ಚಪ್ಪಲಿಯನ್ನೂ ನೋಡಿದಳು. "ಮೊದಲು ಆ ಮಡಕೆ ತೆಗಿ ತಲೆ ಮೇಲಿಂದ. ನೀರು ಕುಡಿ," ಎಂದಳು. ತುದಿಯಲ್ಲಿ ಆಗಷ್ಟೇ ಮೂಡುತ್ತಿದ್ದ ಕೊನೆಯ ಹೊಂಬಾಳೆ ಉಳಿಯಿತು.

ಆಮೇಲೆ ಅವಳಿಗೆ ಟೇಕಲ್ ದಾರಿಯಲ್ಲಿ ಬಹಳ ಕೆಲಸಗಳು ಬೀಳತೊಡಗಿದವು.

ಬಂದಾಗಲೆಲ್ಲ ಕದಿರೇಶ್ ಏಣಿ ಹಾಕಿಕೊಡುತ್ತಿದ್ದ. ಆ ಮರದ ಗರಿಯ ಬುಡದಲ್ಲಿ ಸೂಜಿಯಂಥ ಮುಳ್ಳು. ಅವಳು ಹತ್ತುತ್ತೇನೆಂದರೆ ಅವನು ಬಿಡುತ್ತಿರಲಿಲ್ಲ. ಅವನು ಹತ್ತಿದರೆ ಅವಳಿಗೆ ಅವನ ವರದಿಯ ಮೇಲೆ ನಂಬಿಕೆಯಿರಲಿಲ್ಲ.

"ಬಿರುಕು ಬಿಟ್ಟಿದ್ಯಾ?"

"ಇಲ್ಲ."

"ಸರಿಯಾಗಿ ನೋಡಿ."

"ಮೇಡಂ, ಕಲ್ಲಲ್ಲಿ ಕೂದಲೆಳೆ ಬಿರುಕಿದ್ರೂ ಹಿಡೀತೀನಿ. ಇದು ಕಾಣಲ್ವಾ?"

"ಕಲ್ಲನ್ನ ನೋಡ್ದಂಗೆ ನೋಡಿ ಮತ್ತೆ. ಕೆಳಗೆ ಯಾಕ್ ನೋಡ್ತಿದ್ದೀರ?"

ಅವನು ತಟ್ಟನೆ ಮರದತ್ತ ತಿರುಗಿದ. ಕಿವಿಯ ಹಿಂದೆ, ಪುಡಿ ತಾಗದ ಜಾಗದಲ್ಲಿ, ಕೆಂಪು ಏರಿದ್ದು ಕಂಡಿತು. ಏಣಿಯ ಬುಡ ಹಿಡಿದಿದ್ದ ಆಶಾರಾಣಿ ಬೇರೆಲ್ಲೂ ನೋಡಲಿಲ್ಲ.

ಒಂದು ಸಲ ಅವನ ಹೆಬ್ಬೆರಳಿಗೆ ಮುಳ್ಳು ಮುರಿದುಕೊಂಡಿತು. ಅವಳು ಪಿನ್ನಿನಿಂದ ತೆಗೆದಳು. ಮೊದಲ ತಿವಿತಕ್ಕೇ ಮುಳ್ಳು ಬಂದಿತ್ತು. ಕೈ ಮಾತ್ರ ಇನ್ನೂ ಸ್ವಲ್ಪ ಹೊತ್ತು ಅವಳ ಕೈಯಲ್ಲೇ ಇತ್ತು.

ಮಾರ್ಚ್‌ನಲ್ಲಿ ಚನ್ನರಾಯಪ್ಪ ಅವಳನ್ನು ಗಿಡಗಳ ಜೊತೆ ಹೈದರಾಬಾದಿನ ನರ್ಸರಿ ಮೇಳಕ್ಕೆ ಕಳಿಸಿದರು. ಅವಳು ಅಲ್ಲಿದ್ದಾಗಲೇ ಹೊಂಬಾಳೆ ಬಿರಿಯಿತು. ಕದಿರೇಶ್ ಫೋನ್ ಮಾಡಿದ.

"ಬಿಳಿ ಹೂವು ಮೇಡಂ, ಮೊಗೆದು ಸುರಿದಂಗಿದೆ. ಮುಟ್ಟಿದ್ರೆ ಪೌಡರ್ ಉದುರ್ತಿದೆ. ಏನ್ ಮಾಡ್ಲಿ?"

"ಗೊನೆ ಕಡ್ದು ಪೇಪರ್ ಮೇಲೆ ಹಾಕಿ. ಚೆನ್ನಾಗಿ ಒಣಗಿಸಿ. ತೇವ ಒಂದ್ಚೂರೂ ಇರಬಾರದು. ಆಮೇಲೆ ಉದುರಿಸಿ, ಜರಡಿ ಹಿಡಿದು, ಬಾಟ್ಲಿಗೆ ಹಾಕಿ ಫ್ರಿಡ್ಜಲ್ಲಿಡಿ. ಆಗುತ್ತಲ್ವಾ?"

"ನಿಮಗೋಸ್ಕರ ಇಷ್ಟೂ ಮಾಡ್ದೇ ಇದ್ರೆ ಹೆಂಗೆ?"

ಪಕ್ಕದಲ್ಲೇ ಮೇಳದ ಮೈಕು ಕಿರುಚುತ್ತಿತ್ತು. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

ವಾಪಸು ಬಂದಾಗ ಅವನು ಸಣ್ಣ ಗಾಜಿನ ಬಾಟಲಿ ಕೊಟ್ಟ. ಕೆನೆ ಬಣ್ಣದ ಪುಡಿ, ಕಾಡಿಗೆಯಷ್ಟು ನುಣುಪು. ಜೊತೆಗೆ ಒಂದು ಕುಂಚ. ಅಪ್ಪ ವಿಗ್ರಹಗಳ ಕಣ್ಣಿಗೆ ಬಣ್ಣ ತೀಡುವ ಕುಂಚಗಳಲ್ಲಿ ಒಂದು, ಕೇಳಿ ತಂದದ್ದು. "ಹೂವಿಗೆ ನೋವಾಗ್ಬಾರ್ದಲ್ಲ," ಎಂದ.

ಪರಾಗಕ್ಕೆ ಜೀವವಿದೆಯೇ ಎಂದು ನೋಡುವುದು ಕಷ್ಟವೇನಲ್ಲ. ಸಕ್ಕರೆ ನೀರಿನ ಹನಿಯಲ್ಲಿ ಒಂದು ಚಿಟಿಕೆ ಹಾಕಿ ಕಾದು, ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಜೀವವಿರುವ ಕಣ ದಾರದಂಥ ಬಾಲ ಬಿಟ್ಟಿರುತ್ತದೆ. ಮೈಕ್ರೋಸ್ಕೋಪ್ ಶೆಡ್ಡಿನಲ್ಲೇ ಇತ್ತು. ಆಶಾರಾಣಿ ನೋಡಲಿಲ್ಲ. ಪಿಗ್ಮಿ ಹೂಗೊನೆಗಳ ಬಟ್ಟೆ ಚೀಲ ಬಿಚ್ಚಿ (ಕೆರೆ ಏರಿಯ ಈಚಲು ಪರಾಗ ಗಾಳಿಯಲ್ಲಿ ಬಂದು ಕೂರದಂತೆ ಮೊದಲೇ ಕಟ್ಟಿದ್ದಳು), ಆ ಕುಂಚದಿಂದ ಒಂದೊಂದು ಎಸಳಿಗೂ ಪುಡಿ ಸವರಿ, ಮತ್ತೆ ಕಟ್ಟಿದಳು. ಇಡೀ ಸಾಲು ಮುಗಿಸಿದಾಗ ಅವಳ ಮೂಗಿನ ತುದಿಯಲ್ಲೂ ಕೆನೆ ಪುಡಿ ಇತ್ತು. ಕನ್ನಡಿಯಲ್ಲಿ ಕಂಡರೂ ಒರೆಸಲಿಲ್ಲ.

ಮೇ ತಿಂಗಳಲ್ಲಿ ಚೀಲ ಬಿಚ್ಚಿದರೆ ಕಾಯಿ ಕಟ್ಟಿರಲಿಲ್ಲ. ಮೆಣಸಿನ ಕಾಳಿನಷ್ಟಾಗಿ ಒಣಗಿ ಉದುರಿದ ಹೀಚುಗಳು ಮಾತ್ರ ಚೀಲದ ತಳದಲ್ಲಿದ್ದವು. ಸಾಲಿನ ಈ ತುದಿಯಿಂದ ಆ ತುದಿಯವರೆಗೂ ಅದೇ.

ಬಾಟಲಿಯ ತಳದಲ್ಲಿ ಉಳಿದ ಪುಡಿಯನ್ನು ಆಗ ಅವಳು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಒಂದು ಕಣವೂ ಬಾಲ ಬಿಡಲಿಲ್ಲ. ಒಳ್ಳೆಯ ಪರಾಗ ಫ್ರಿಡ್ಜಿನಲ್ಲಿ ಅಷ್ಟು ಬೇಗ ಪೂರ್ತಿ ಸಾಯುವುದಿಲ್ಲ.

ಚನ್ನರಾಯಪ್ಪ ಬೈಯಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. "ಇನ್ನೊಂದೇ ಸಲ ಕಣಮ್ಮ," ಎಂದರು. "ಈ ಸಾಲಿಗೆ ನಾನು ಹಾಕೋ ನೀರಲ್ಲಿ ಎರಡು ಎಕರೆ ಗುಲಾಬಿ ಆಗುತ್ತೆ."

ಅವಳು ಶಿವಾರಪಟ್ಟಣಕ್ಕೆ ಹೋದಾಗ ಕದಿರೇಶ್ ಪಾಲಿಶ್ ಮಷೀನ್ ಹಿಡಿದಿದ್ದ. ಇವಳನ್ನು ಕಂಡು ಹಲ್ಲು ಬಿಟ್ಟವನು ಮುಖ ನೋಡಿ ಮಷೀನ್ ಕೆಳಗಿಟ್ಟ.

"ಹೆಂಗೆ ಒಣಗಿಸಿದ್ರಿ?"

"ಇಲ್ಲೇ. ಈ ಕಲ್ಲಿನ ಮೇಲೆ."

ಅಂಗಳದ ನಡುವೆ ಕಪ್ಪು ಕಲ್ಲಿನ ಚಪ್ಪಡಿಯೊಂದು ಬಿದ್ದಿತ್ತು. ಆ ಮನೆಯಲ್ಲಿ ಎಲ್ಲವೂ ಒಣಗುತ್ತಿದ್ದುದು ಅದರ ಮೇಲೇ: ಮೆಣಸಿನಕಾಯಿ, ಸಂಡಿಗೆ, ಬಟ್ಟೆ, ತೊಳೆದ ಉಳಿಗಳು. ಆಶಾರಾಣಿ ಅದರ ಮೇಲೆ ಅಂಗೈ ಇಟ್ಟು ತಕ್ಷಣ ತೆಗೆದುಕೊಂಡಳು.

"ಎರಡು ದಿನ ಪೂರ್ತಿ ಬಿಸಿಲಿಗಿಟ್ಟೆ," ಎಂದ ಅವನು. "ತೇವ ಇರಬಾರ್ದು ಅಂದ್ರಲ್ಲ. ಗಾಳಿಗೆ ಹಾರದಂಗೆ, ಗುಬ್ಬಿ ಬರದಂಗೆ, ಪಕ್ಕದಲ್ಲೇ ಕೂತಿದ್ದೆ. ಆ ಎರಡು ದಿನ ಕೆಲಸಾನೂ ಮಾಡ್ಲಿಲ್ಲ."

"ಬೆಂದು ಹೋಗಿದೆ ಕದಿರೇಶ್. ಅದಕ್ಕೆ ಜೀವ ಇರುತ್ತೆ. ನೆರಳಲ್ಲಿ ಒಣಗಿಸ್ಬೇಕಿತ್ತು."

ಅವನು ಚಪ್ಪಡಿಯನ್ನೇ ನೋಡುತ್ತ ನಿಂತ. ತಾನು ಕಾವಲು ಕೂತು ಕೊಂದದ್ದು ಅವನಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು.

"ನೆರಳು ಅಂತ ನಾನು ಹೇಳಲಿಲ್ಲ," ಎಂದಳು ಅವಳು. ಅದು ನಿಜ. ತೋಟಗಾರಿಕೆ ಓದಿದವರಿಗೆ ಅದು ಹೇಳಬೇಕಾದ ಮಾತು ಎಂದೇ ಹೊಳೆಯುವುದಿಲ್ಲ.

"ಅಲ್ಲ, ಹಚ್ಚೋಕೆ ಮುಂಚೆ ಸತ್ತಿದೆ ಅಂತ ಗೊತ್ತಾಗ್ತಿರಲಿಲ್ವಾ ನಿಮಗೆ?"

"ಗೊತ್ತಾಗ್ತಿತ್ತು. ಮೈಕ್ರೋಸ್ಕೋಪಲ್ಲಿ ನೋಡಿದ್ರೆ."

"ಯಾಕ್ ನೋಡ್ಲಿಲ್ಲ?"

ಮೈಕ್ರೋಸ್ಕೋಪ್ ಕೆಟ್ಟಿತ್ತು ಎನ್ನಬಹುದಿತ್ತು. ಸಮಯ ಇರಲಿಲ್ಲ ಎನ್ನಬಹುದಿತ್ತು. ದಾರಿಯುದ್ದಕ್ಕೂ ಅವಳು ಅವೆರಡನ್ನೂ ಯೋಚಿಸಿಕೊಂಡೇ ಬಂದಿದ್ದಳು.

"ನೀವು ಕೊಟ್ಟಿದ್ದು ಅಂತ ನೋಡ್ಲಿಲ್ಲ. ಬೇರೆ ಯಾರು ಕೊಟ್ಟಿದ್ರೂ ನೋಡ್ತಿದ್ದೆ."

ಒಳಗಿನ ಕೊಟ್ಟಿಗೆಯಲ್ಲಿ ಅಪ್ಪನ ಸುತ್ತಿಗೆ ಟಣ್ ಟಣ್ ಎನ್ನುತ್ತಿತ್ತು. ಕದಿರೇಶ್ ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಪುಡಿ ಹೋಗಿ ಮೊದಲ ಸಲ ಅವನ ಮುಖದ ನಿಜವಾದ ಬಣ್ಣ ಕಂಡಿತು.

"ಇನ್ನೊಂದ್ಸಲ ಹೇಳಿ. ಸುತ್ತಿಗೆ ಸದ್ದಲ್ಲಿ ಕೇಳಿಸ್ಲಿಲ್ಲ."

"ಕೇಳಿಸ್ತು ನಿಮಗೆ."

"ಕೇಳಿಸ್ತು," ಎಂದು ಒಪ್ಪಿಕೊಂಡ. "ನನಗೂ ಹಂಗೇ. ಏಣಿ ಹಾಕಿದ್ದೆಲ್ಲ ಮರಕ್ಕೋಸ್ಕರ ಅಂದ್ಕೊಂಡ್ರಾ?" ಎಂದ. ಆಮೇಲೆ ದನಿ ಬದಲಾಯಿಸಿ, "ಆದ್ರೆ ಮುಂದಿನ ಸಲ ನೋಡಿ. ನಾನು ಕೊಟ್ರೂ ನೋಡಿ," ಎಂದ.

"ನೋಡ್ತೀನಿ. ಇನ್ನೊಂದು ಮಾತು. ಗಿಡ ಚಳಿ ತಡೆಯೋ ತನಕ ಮದುವೆ ಗಿದುವೆ ಅಂತ ಬಾಯಿ ಬಿಡಂಗಿಲ್ಲ. ಕೈಲಿ ಕೆಲಸ ಇದ್ರೆ ಅಪ್ಪನ ಎದುರು ನಿಂತು ಮಾತಾಡ್ಬಹುದು. ಇಲ್ಲಾಂದ್ರೆ ನಾನು ಆ ಮನೇಲಿ ಬರೀ ಮದುವೆಗೆ ಬಂದಿರೋ ಹುಡುಗಿ."

"ಮದುವೆ ಮಾತು ನಾನೆಲ್ಲಿ ಎತ್ತಿದೆ?"

"ಎತ್ತೋರಿದ್ರಿ."

"ಅದೂ ಮೈಕ್ರೋಸ್ಕೋಪಲ್ಲಿ ಕಾಣುತ್ತಾ?" ಎಂದ ಕದಿರೇಶ್.

ಮಾರನೆಯ ವರ್ಷ ಶಾಮಲಮ್ಮ ಒಂದಲ್ಲ, ಎಲ್ಲ ಹೊಂಬಾಳೆಗಳನ್ನೂ ಬಿಟ್ಟಳು. ಪೂಜೆಗೆ ಕೋಲಾರದ ಮಾರ್ಕೆಟ್ಟಿನಿಂದ ಅಡಿಕೆ ಹೊಂಬಾಳೆ ತರಿಸಿದಳು, ಪ್ರತಿ ಸಲವೂ ಗೊಣಗಿಕೊಂಡೇ. ಮಗ ಯಾಕೆ ಹೊತ್ತಿಗೆ ಮುಂಚೆ ಸ್ನಾನ ಮಾಡುತ್ತಾನೆಂದು ಅವಳು ಕೇಳಲಿಲ್ಲ. ಗೊತ್ತಿದ್ದದ್ದನ್ನು ಕೇಳುವ ಹೆಂಗಸಲ್ಲ ಅವಳು.

ಪರಾಗ ಈ ಸಲ ಒಳಮನೆಯ ನೆರಳಿನಲ್ಲಿ ಒಣಗಿತು. ಶೆಡ್ಡಿನಲ್ಲಿ ಆಶಾರಾಣಿ ಕದಿರೇಶ್‌ಗೆ ಮೈಕ್ರೋಸ್ಕೋಪ್ ತೋರಿಸಿದಳು. ಒಂದು ಕಣ್ಣು ಮುಚ್ಚಲು ಬಾರದೆ ಅವನು ಅಂಗೈಯಿಂದ ಮುಚ್ಚಿಕೊಂಡ.

"ಬಾಲ ಬಂದಿದೆ! ಲೇ, ಎಲ್ಲದಕ್ಕೂ ಬಾಲ ಬಂದಿದೆ ಕಣೇ!"

ಮೇಡಂ ಎನ್ನುವುದು ಅವತ್ತಿಗೆ ಬಿದ್ದುಹೋಯಿತು. ಇಬ್ಬರೂ ಗಮನಿಸಿದರು, ಯಾರೂ ತಿದ್ದಲಿಲ್ಲ.

ಕಾಯಿ ಕಟ್ಟಿತು. ಹಣ್ಣಾಗಿ ಕಪ್ಪಾಯಿತು. ಬಿತ್ತಿದ ಬೀಜ ಸಂಕ್ರಾಂತಿಯ ಹೊತ್ತಿಗೆ ಮೊಳೆಯಿತು. ಪಾಮ್ ಬೆಳೆಸುವವರಿಗೆ ಅವಸರ ಇರುವಂತಿಲ್ಲ. ಆ ವರ್ಷವೆಲ್ಲ ಸಸಿಗಳು ಹುಲ್ಲಿನ ಎಸಳಿನಂಥ ಎಲೆ ಬಿಡುತ್ತ ಕೂತವು. ಕ್ಯಾಲನೂರಿನಲ್ಲಿ ಅರುಣ್‌ಕುಮಾರ್ ಕಾದು ಸಾಕಾಗಿ ಮುಳಬಾಗಿಲಿನ ಹುಡುಗಿಯನ್ನು ಮದುವೆಯಾದ. ಆಶಾರಾಣಿಯ ಅಪ್ಪ ಒಂದು ವಾರ ಮಗಳ ಜೊತೆ ಮಾತು ಬಿಟ್ಟು, ಆಮೇಲೆ ಶ್ರೀನಿವಾಸಪುರದಿಂದ ಬೇರೆ ಜಾತಕ ತಂದಿಟ್ಟ. ಕಲ್ಲು ಕೆಲಸದವರ ಮನೆಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು. "ನಮ್ಮೋರಲ್ಲದ ಮನೆಗೆ ಹೆಣ್ಣು ಕೊಡಲ್ಲ," ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದ್ದ.

ಡಿಸೆಂಬರಿನಲ್ಲಿ ಸಸಿಗಳನ್ನು ಡೀಪ್ ಫ್ರೀಜರಿಗೆ ಇಟ್ಟರು. ಡೆಹ್ರಾಡೂನಿನ ಕೆಟ್ಟ ಬೆಳಗಿಗಿಂತಲೂ ಕೆಳಗೆ, ಮೈನಸ್ ಆರಕ್ಕೆ, ಮೆಲ್ಲಗೆ ಇಳಿಸಿ, ಮೆಲ್ಲಗೆ ಏರಿಸಿ, ಹೊರಗೆ ತೆಗೆದರು. ಪಾಮ್ ಸತ್ತದ್ದು ತಕ್ಷಣ ಕಾಣುವುದಿಲ್ಲ. ಹಸಿರಾಗಿಯೇ ನಿಂತಿರುತ್ತದೆ. ಎರಡು ವಾರ ಬಿಟ್ಟು ನಡುವಿನ ಸುಳಿ ಹಿಡಿದು ಎಳೆದು ನೋಡಬೇಕು. ಸತ್ತಿದ್ದರೆ ಬುಡ ಕೊಳೆತು ಸುಳಿ ಕೈಗೇ ಬರುತ್ತದೆ. ಬದುಕಿದ್ದರೆ ಬರುವುದಿಲ್ಲ.

ಸುಳಿ ಎಳೆಯುವ ಬೆಳಿಗ್ಗೆ ಕದಿರೇಶ್ ಅಂಗಳಕ್ಕೆ ರಜೆ ಹೇಳಿ ಬಂದಿದ್ದ. ಚನ್ನರಾಯಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಟ್ರೇಗಳನ್ನು ನೋಡಿದರು.

"ಒಂದು ಉಳಿದ್ರೂ ಸಾಕು ಕಣಮ್ಮ. ಅದನ್ನೇ ತಾಯಿ ಮಾಡ್ಕೊಂಡು ಮುಂದಕ್ಕೆ ಹೋಗೋಣ. ಸಾಲು ಕೀಳಲ್ಲ." ಒಳಗೆ ಬರಲು ಅವರಿಗೆ ಧೈರ್ಯವಿರಲಿಲ್ಲ. "ನಾನು ಟೀ ಕುಡ್ಕೊಂಡು ಬರ್ತೀನಿ," ಎಂದು ಹೋದರು.

ಹೋಲಿಸಿ ನೋಡಲೆಂದು ಪಕ್ಕದಲ್ಲಿಟ್ಟಿದ್ದ ಬರೀ ಪಿಗ್ಮಿ ಸಸಿಗಳ ಸುಳಿ, ದೀಪದಿಂದ ಬತ್ತಿ ತೆಗೆದಷ್ಟು ಸಲೀಸಾಗಿ, ಎಲ್ಲವೂ ಬಂದವು. ಅದು ನಿರೀಕ್ಷಿಸಿದ್ದೇ. ಆಮೇಲೆ ಇಬ್ಬರೂ ಮಿಶ್ರ ಸಸಿಗಳ ಟ್ರೇಗಳ ಎರಡು ತುದಿಯಲ್ಲಿ ನಿಂತರು.

ಅವಳು ಮೊದಲನೆಯದನ್ನು ಹಿಡಿದಳು. ಬಂತು. ತುದಿಯಲ್ಲಿ ಕಂದು ಲೋಳೆ, ಹುಳಿ ವಾಸನೆ. ಎರಡನೆಯದು ಬಂತು. ಮೂರನೆಯದೂ.

"ನಿನ್ನ ಕಡೆ?"

"ಬಂತು," ಎಂದ ಅವನು. "ಇದೂ ಬಂತು. ಆಶಾ, ಹೆದರಿಕೆ ಆಗ್ತಿದೆ ಕಣೇ. ನನ್ನ ಕೈ ಒರಟು. ನಾನೇ ಜೋರಾಗಿ ಎಳೀತಿದ್ದೀನೇನೋ."

"ಬದುಕಿರೋದು ನೀನು ಎಳೆದ್ರೆ ಬರಲ್ಲ. ಎಳಿ."

ಮೊದಲ ಟ್ರೇ ಪೂರ್ತಿ ಹೋಯಿತು. ಅವಳು ಕಿತ್ತ ಸುಳಿಗಳನ್ನು ಬಕೆಟ್ಟಿಗೆ ಹಾಕುತ್ತಿದ್ದಳು. ಅಳು ಬರಲಿಲ್ಲ. ಅಳಲು ಪುರುಸೊತ್ತಿರಲಿಲ್ಲ, ಮುಂದಿನದನ್ನು ಎಳೆಯಬೇಕಿತ್ತು. ಶ್ರೀನಿವಾಸಪುರದ ಹುಡುಗನ ಹೆಸರೇನು ಎಂದು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

"ಇದು ಬರ್ತಿಲ್ಲ," ಎಂದ ಕದಿರೇಶ್.

"ಇನ್ನೊಂದ್ ಸ್ವಲ್ಪ ಎಳಿ."

"ಎಳೆದೆ. ಬರ್ತಿಲ್ಲ ಅಂದ್ನಲ್ಲ."

ಅವಳು ಬಕೆಟ್ ಇಟ್ಟು ಬಂದಳು. ಅವನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು, ತಾನೇ ಎಳೆದಳು. ಸುಳಿ ಅಲ್ಲಾಡಲಿಲ್ಲ. ಇನ್ನಷ್ಟು ಎಳೆದರೆ ಕುಂಡವೇ ಮೇಲೆದ್ದಿತು. ಪಕ್ಕದ ಎಲೆಗಳ ತುದಿ ಸುಟ್ಟಿದ್ದವು, ಆದರೆ ನಡುವಿನದು ತಣ್ಣಗೆ, ಬಿಗಿಯಾಗಿ, ಬುಡದಲ್ಲಿ ಎಳೆಹಸಿರಾಗಿ ನಿಂತಿತ್ತು.

ಕುಂಡ ಕೆಳಗಿಟ್ಟ ಮೇಲೂ ಅವಳು ಅವನ ಬೆರಳು ಬಿಡಲಿಲ್ಲ.

"ಭಾನುವಾರ ಅಪ್ಪ ಮನೇಲಿರ್ತಾರೆ," ಎಂದಳು. "ನಿಮ್ಮಮ್ಮನ್ನ ಕರ್ಕೊಂಡು ಬಾ."

"ಒಪ್ತಾರಾ?"

"ಒಪ್ಪಲ್ಲ. ಬಾ."

ಅವನು ಅವಳನ್ನೇ ನೋಡಿದ. ಕೆನ್ನೆಗೆ ಅಂಟಿದ ಮಣ್ಣು, ನಿದ್ದೆಗೆಟ್ಟ ಕಣ್ಣು, ಆ ಕಣ್ಣಿನಲ್ಲಿ ಯಾವ ಬೇಡಿಕೆಯೂ ಇಲ್ಲದ ತೀರ್ಮಾನ.

"ಬೈದ್ರೆ?"

"ಬೈಸ್ಕೋ. ನಾನು ಪಕ್ಕದಲ್ಲೇ ನಿಂತಿರ್ತೀನಿ. ಭಾನುವಾರ ಆಗ್ಲಿಲ್ಲ ಅಂದ್ರೆ ಮುಂದಿನ ಭಾನುವಾರ. ಆಮೇಲೂ ಒಪ್ಪಲಿಲ್ಲ ಅಂದ್ರೆ ಮಾಲೂರಲ್ಲಿ ರಿಜಿಸ್ಟ್ರಾರ್ ಆಫೀಸಿದೆ."

"ಎಲ್ಲ ಯೋಚ್ನೆ ಮಾಡಿಟ್ಟಿದ್ದೀಯಲ್ಲ," ಎಂದ ಅವನು. "ನಮ್ಮಮ್ಮ ಏನಂದ್ಳು ಗೊತ್ತಾ? ಮರಕ್ಕೇ ಇಷ್ಟು ಮಾಡೋ ಹುಡುಗಿ ಮನೆಗೆ ಬಂದ್ರೆ ನನ್ನನ್ನ ಏಣಿಯಿಂದ ಇಳಿಯೋಕೇ ಬಿಡಲ್ಲ ಅಂತ."

"ಇಳಿಸ್ತೀನಿ. ಮೊದಲು ಉಳಿದಿದ್ದನ್ನ ಎಳೆದು ಮುಗಿಸು."

ಇಬ್ಬರೂ ಈಗ ಒಂದೇ ತುದಿಯಲ್ಲಿ ನಿಂತು ಎಳೆದರು. ಬಂತು, ಬಂತು, ಬರಲಿಲ್ಲ, ಬಂತು. ಹೊರಗೆ ಚನ್ನರಾಯಪ್ಪನವರ ಬೈಕಿನ ಸದ್ದು ಕೇಳಿದಾಗ ಕೊನೆಯ ಟ್ರೇ ಮುಗಿದಿತ್ತು. ಆಶಾರಾಣಿ ಕೈ ತೊಳೆದುಕೊಂಡು, ಬಕೆಟ್ ಎತ್ತಿಕೊಂಡು ಬಾಗಿಲಿಗೆ ಹೋಗಿ ಅವರಿಗೆ ಲೆಕ್ಕ ಹೇಳಿದಳು.

ಅರವತ್ತನಾಲ್ಕು ಮಿಶ್ರ ಸಸಿಗಳಲ್ಲಿ ಐವತ್ತೇಳು ಸತ್ತಿದ್ದವು.